ನಲವತ್ತೆಂಟು ಚಕ್ಕೋತ

ನಮ್ಮವ್ವನಿಗೆ ಪರೀಕ್ಷೆಗಳ ಮೇಲೆ ನಂಬಿಕೆ ಹೋದದ್ದು ನನ್ನ ಬಿ.ಎಸ್ಸಿ. ಫಲಿತಾಂಶ ಬಂದ ದಿನ. ಪಾಸಾಯಿತವ್ವ ಅಂದೆ. "ಸರಿ, ಓದು ಮುಗೀತಲ್ಲ, ಇನ್ನು ಮನೆಗೆ ಬಾ" ಅಂದಳು. ಇದರ ಮೇಲೆ ಇನ್ನೊಂದು ಇದೆ ಅಂದೆ. ಎರಡು ವರ್ಷಕ್ಕೆ ಅದೂ ಮುಗಿಯಿತು. ಅದರ ಮೇಲೂ ಒಂದಿದೆ, ಡಾಕ್ಟರೇಟು, ಅಂದಾಗ ಅವ್ವ ರಾಗಿಯ ಮೊರವನ್ನು ಕೆಳಗಿಟ್ಟಳು.

"ಯಾವನ್ಲಾ ಅವನು, ಬೆಟ್ಟ ಹತ್ತಿದ್ ಮೇಲೆ ಇನ್ನೊಂದ್ ಬೆಟ್ಟ ತಂದಿಡೋನು? ಅವನ ಮನೆ ತೋರ್ಸು, ನಾನೇ ಹೋಗಿ ಕೇಳ್ತೀನಿ."

ಡಾಕ್ಟರೇಟು ಅಂದರೆ ಸೂಜಿ ಚುಚ್ಚುವ ಡಾಕ್ಟರಲ್ಲ ಎಂದು ಬಿಡಿಸಿ ಹೇಳಿದ್ದು ಇನ್ನೂ ದೊಡ್ಡ ತಪ್ಪಾಯಿತು. "ಜ್ವರ ಬಂದ್ರೆ ಮದ್ದು ಕೊಡಾಕೂ ಬರಾಕಿಲ್ವಾ? ಮತ್ತೆ ಯಾತಕ್ಲಾ ಅದು?" ಅಂದಳು.

ನಮ್ಮೂರು ದೇವನಹಳ್ಳಿಯಿಂದ ಬೂದಿಗೆರೆಯ ಕಡೆಗೆ ಹೋಗುವ ಗಾಡಿದಾರಿಯಲ್ಲಿದೆ. ಅಪ್ಪ ನಾನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡಿದ್ದ. ಮನೆಯಲ್ಲಿದ್ದವರು ಅವ್ವ, ಅಣ್ಣ, ಅತ್ತಿಗೆ. ರಾಗಿ ಹೊಲ ಬಿಟ್ಟರೆ ನಮಗಿದ್ದದ್ದು ಬಾವಿಯ ಹಿಂದಿನ ಚಕ್ಕೋತದ ತೋಟ. ನಾನು ಯಾವ ವಿಷಯ ಹಿಡಿಯಲಿ ಎಂದು ಒದ್ದಾಡುತ್ತಿದ್ದಾಗ ನನ್ನ ಮಾರ್ಗದರ್ಶಕರಾಗಿದ್ದ ಪ್ರೊಫೆಸರರು ನಕ್ಕರು. "ಮನೆ ಹಿಂದೆಯೇ ಚಕ್ಕೋತ ಇಟ್ಟುಕೊಂಡು ಊರೆಲ್ಲ ಹುಡುಕುತ್ತೀಯಲ್ಲಯ್ಯ! ಒಂದೇ ಮರ ಸಾಕು. ಮೂರು ವರ್ಷ ಅದರ ಮುಂದೆ ಕೂತುಕೋ."

ಕೆಲಸ ಹೇಳಿಕೊಳ್ಳುವಂಥ ದೊಡ್ಡದಲ್ಲ. ಶಿವರಾತ್ರಿ ಕಳೆದು ಹೂ ಬಿಡುವ ಹೊತ್ತಿಗೆ, ಅರಳದ ಮೊಗ್ಗುಗಳಿಗೆ ಕಾಗದದ ಚೀಲ ಕಟ್ಟಬೇಕು. ಕೆಲವಕ್ಕೆ ಅದೇ ಮರದ ಪರಾಗವನ್ನೂ ಕೆಲವಕ್ಕೆ ಬೇರೆ ಮರದ ಪರಾಗವನ್ನೂ ಕುಂಚದಿಂದ ಮುಟ್ಟಿಸಬೇಕು. ಕಾಯಿ ಕಚ್ಚಿ, ಉದುರುವುದೆಲ್ಲ ಉದುರಿ ನಿಂತ ಮೇಲೆ ಉಳಿದವಕ್ಕೆ ಒಂದೊಂದು ನಂಬರಿನ ಚೀಟಿ. ದಸರೆ ಕಳೆದ ಮೇಲೆ ಕುಯ್ದು ತೂಕ, ಸಿಪ್ಪೆಯ ದಪ್ಪ, ತೊಳೆಗಳ ಎಣಿಕೆ, ಬೀಜಗಳ ಎಣಿಕೆ. ಊರಿನವರಿಗೆ ಇದು ಸಿನಿಮಾ ಆಗಿಹೋಯಿತು. "ಏನಪ್ಪಾ ಪುರೋಹಿತ, ಇವತ್ತು ಎಷ್ಟು ಹೂವಿಗೆ ಮದುವೆ ಮಾಡಿಸ್ದೆ?" ಎಂದು ಬಾವಿಗೆ ನೀರಿಗೆ ಬಂದವರೆಲ್ಲ ಕೇಳುತ್ತಿದ್ದರು. ಅವ್ವ ಮಾತ್ರ ನಗುತ್ತಿರಲಿಲ್ಲ. ಮರದ ಕೆಳಗೆ ಕೂತು, ನನ್ನ ಮುಖವನ್ನೂ ಚೀಲ ತೊಟ್ಟ ಹೂವನ್ನೂ ಒಂದರ ನಂತರ ಒಂದರಂತೆ ನೋಡುತ್ತಿದ್ದಳು.

ಮೂರು ಫಸಲಿನ ಲೆಕ್ಕ ಇಲ್ಲದೆ ಪ್ರಬಂಧ ಮುಟ್ಟುವುದೇ ಇಲ್ಲ ಎಂದು ಪ್ರೊಫೆಸರರು ಖಂಡಿತವಾಗಿ ಹೇಳಿದ್ದರು. ಮೊದಲ ಎರಡು ಫಸಲು ಸಾಧಾರಣವಾಗಿ ಸಿಕ್ಕವು. ಚೀಟಿ ಕಟ್ಟಿದ ಹಣ್ಣುಗಳಲ್ಲಿ ಅಳಿಲು ಕೊರೆದದ್ದು, ಕೋತಿ ಕಿತ್ತದ್ದು, ಗಾಳಿಗೆ ಬಿದ್ದದ್ದು ಎಂದು ಕಾಲುಪಾಲು ಹೋದರೂ ಉಳಿದದ್ದು ಸಾಕಾಗಿತ್ತು. ಮೂರನೆಯದೊಂದು ಕೈಗೆ ಬಂದರೆ ಮುಗಿಯಿತು.

ಆ ಮೂರನೆಯ ವರ್ಷ ಚೀಟಿ ಕಟ್ಟುವ ತಾಮ್ರದ ತಂತಿ ಸಿಗಲಿಲ್ಲ. ಯುದ್ಧದ ಕಾಲ, ಬೆಂಗಳೂರಿನ ಅಂಗಡಿಗಳಲ್ಲಿ ಮೊಳೆಗೂ ಕೈ ಮುಗಿದು ನಿಲ್ಲಬೇಕಾಗಿತ್ತು. ಮರಕ್ಕೆ ಕಟ್ಟಬೇಕು ಅಂತಷ್ಟೇ ಹೇಳಿ ಅತ್ತಿಗೆಯನ್ನು ದಾರ ಕೇಳಿದೆ. ಆಕೆ ನೂಲಿನ ಉಂಡೆ ಕೊಡುವಾಗ, "ಬರೀ ದಾರ ಮಳೆಗೆ ಕೊಳೆತು ಹೋಗ್ತದೆ, ಇರಪ್ಪ" ಎಂದು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿಕೊಟ್ಟಳು. ನಾನು ಹಣ್ಣುಗಳಿಗೆಲ್ಲ ಆ ಹಳದಿ ದಾರದಲ್ಲಿ ಚೀಟಿ ಕಟ್ಟಿ ಬೆಂಗಳೂರಿಗೆ ಹೋದೆ.

ನಮ್ಮ ಕಡೆ ಅರಿಶಿನದ ದಾರ ಕಟ್ಟಿದ ಹಣ್ಣು ಅಂದರೆ ಮೀಸಲು. ಹರಕೆ ಹೊತ್ತವರು ಮರದಲ್ಲೇ ಹಣ್ಣಿಗೆ ದಾರ ಕಟ್ಟಿ ಬಿಡುತ್ತಾರೆ. ಅದು ಆಮೇಲೆ ದೇವರದು. ಮನೆಯ ಮಕ್ಕಳೂ ಮುಟ್ಟುವುದಿಲ್ಲ, ಕಳ್ಳನೂ ಮುಟ್ಟುವುದಿಲ್ಲ. ಯಾವ ಹರಕೆ ಅಂತ ಹೊತ್ತವರನ್ನು ಕೇಳುವಂತೆಯೂ ಇಲ್ಲ. ಕೇಳಿದರೆ ಫಲ ಕೆಡುತ್ತದೆ. ಇದೆಲ್ಲ ಹುಟ್ಟಿದಾಗಿನಿಂದ ನೋಡಿ ಬೆಳೆದವನು ನಾನು. ಆದರೂ ಆ ದಾರ ಕಟ್ಟುವಾಗ ನನಗೆ ಅದು ಹೊಳೆಯಲೇ ಇಲ್ಲ ಅಂದರೆ ನಂಬುತ್ತೀರಾ? ಓದು ಅಷ್ಟರ ಮಟ್ಟಿಗೆ ತಲೆಗೇರಿತ್ತು.

ದಸರೆ ಮುಗಿದ ಮಾರನೆಯ ದಿನ ತಕ್ಕಡಿ, ಚಾಕು, ಅಳತೆಪಟ್ಟಿ ಹಿಡಿದು ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ಮೈಯೆಲ್ಲ ಮಸಿ ಮಾಡಿಕೊಂಡು ಊರಿಗೆ ಬಂದೆ. ಮರದಲ್ಲಿ ಒಂದೇ ಒಂದು ಹಣ್ಣಿರಲಿಲ್ಲ. ಎಲೆಗಳ ನಡುವೆ ಅಲ್ಲೊಂದು ಇಲ್ಲೊಂದು ಹಳದಿ ದಾರದ ಚೂರು. ಅವ್ವ ಒಳಗಿನಿಂದ ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ತಂಬಿಟ್ಟು, ಹೂವು, ಬಿಡಿಸಿಟ್ಟ ಚಕ್ಕೋತದ ತೊಳೆ. ಅವಳ ಮುಖ ಅಷ್ಟು ಅರಳಿದ್ದನ್ನು ಅಪ್ಪ ಹೋದ ಮೇಲೆ ನಾನು ಕಂಡಿರಲಿಲ್ಲ.

"ನಿನ್ ಹರಕೆ ತೀರಿಸ್ಬುಟ್ಟೆ ಕಣ್ಲಾ ಮಗಾ. ಓದ್ದೋನಿಗೆ ದೇವ್ರಿಲ್ಲ ಅಂತಿದ್ರು ಊರ್ನೋರು. ಅರಿಶಿನದ ದಾರ ನೋಡಿ ಎಲ್ರ ಬಾಯೂ ಮುಚ್ಕಂತು. ಪರೀಕ್ಷೆ ಹತ್ರ ಬಂತು, ಮೀಸಲು ತಡ ಮಾಡಬಾರ್ದು ಅಂತ ನವಮಿ ದಿನಾನೇ ಎಲ್ಲಾನೂ ಊರಮ್ಮನ ಗುಡಿಗೆ ಒಪ್ಪಿಸ್ದೆ. ಊರೆಲ್ಲ ತಿಂದ್ರು ನಿನ್ ಹೆಸರು ಹೇಳ್ಕಂಡು. ತಗೋ, ಪ್ರಸಾದ."

ಆ ಹೊತ್ತು ನಾನು ಏನು ಮಾಡಬೇಕಿತ್ತು ಎಂದು ಮೂವತ್ತು ನಲವತ್ತು ಬಗೆಯಲ್ಲಿ ಆಮೇಲೆ ಯೋಚಿಸಿದ್ದೇನೆ. ನಕ್ಕುಬಿಡಬಹುದಿತ್ತು. ತಲೆಯ ಮೇಲೆ ಕೈ ಹೊತ್ತು ಕೂರಬಹುದಿತ್ತು. ನನಗೆ ಮೂಗಿನ ತುದಿಯಲ್ಲೇ ಕೋಪ, ಇವತ್ತಿಗೂ ಅಷ್ಟೇ. ತಟ್ಟೆಯನ್ನು ತಳ್ಳಿದೆ.

"ಯಾವ ಹರಕೆ? ಯಾವಳು ಹೇಳಿದ್ಲು ನಿಂಗೆ ಹರಕೆ ಅಂತ? ಒಂದು ವರ್ಷ ಮಣ್ಣು ಮಾಡ್ಬಿಟ್ಟೆಯಲ್ಲ!"

"ಅರಿಶಿನದ ದಾರ ಇತ್ತಲ್ಲ ಮಗಾ..."

"ಇನ್ನು ಆ ಮರದ ಹಣ್ಣು ನೀನು ಮುಟ್ಟಿದ್ರೆ ನನ್ನ ಹೆಣ ಮುಟ್ಟಿದಂಗೆ! ನನ್ನಾಣೆ!"

ಅಂಗಳದಲ್ಲಿ ಎಲ್ಲರೂ ನಿಂತಲ್ಲೇ ನಿಂತರು. ಅವ್ವ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಳು. ಅತ್ತಿಗೆ ಓಡಿ ಬಂದು ನನ್ನ ಭುಜ ಅಲ್ಲಾಡಿಸಿದಳು. "ಬಿಡ್ತು ಅನ್ನಪ್ಪಾ! ಮೂರು ಸಂಜೆ ಹೊತ್ತು, ಎಂಥಾ ಮಾತಾಡ್ದೆ? ಬಿಡ್ತು ಅನ್ನು, ಬಿಡ್ತು ಅನ್ನು!"

ಕೆಟ್ಟ ಮಾತು ಬಾಯಿಂದ ಬಿದ್ದರೆ ಆಡಿದವನೇ "ಬಿಡ್ತು" ಅನ್ನಬೇಕು, ಆಗ ಅದು ತಟ್ಟುವುದಿಲ್ಲ. ಬೇರೆಯವರು ಅಂದರೆ ನಡೆಯುವುದಿಲ್ಲ. ಒಂದು ಮಾತು, ಎರಡು ಅಕ್ಷರ. ವಿಜ್ಞಾನ ಓದಿದವನು ನಾನು, ಇಂಥ ಮೂಢತನದಿಂದಲೇ ತಾನೆ ನನ್ನ ಫಸಲು ಹೋದದ್ದು ಎಂದು ಹಲ್ಲು ಕಚ್ಚಿಕೊಂಡೆ. ಅನ್ನಲಿಲ್ಲ. ಆ ರಾತ್ರಿಯ ಊಟವನ್ನೂ ಮಾಡದೆ ಮಲಗಿ, ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ಅವ್ವ ಬಾಗಿಲವರೆಗೆ ಬಂದಳು.

ಪ್ರೊಫೆಸರರು ಬೈಯಲಿಲ್ಲ. "ಇನ್ನೊಂದು ವರ್ಷ ತಾನೆ, ಮರ ಎಲ್ಲಿಗೂ ಓಡಿಹೋಗುವುದಿಲ್ಲ" ಅಂದರು. ಹದಿನೈದು ದಿನದಲ್ಲಿ ನನ್ನ ಕೋಪ ಇಳಿಯಿತು, ನಾಚಿಕೆ ಹತ್ತಿತು. ಅವ್ವನ ಕಾಲು ಹಿಡಿದು ತಪ್ಪಾಯಿತು ಅನ್ನಬೇಕು ಅನ್ನಿಸಿತು. ಆದರೆ ಬರಿಗೈಯಲ್ಲಿ ಹೋಗಿ ಹೇಳುವುದೇ? ಓದು ಮುಗಿಯಲಿ, ಡಿಗ್ರಿಯ ಕಾಗದವನ್ನು ಅವಳ ಕಾಲ ಬಳಿ ಇಟ್ಟು, ಆಗ ಹೇಳೋಣ ಅಂದುಕೊಂಡೆ. ಅದು ಎಷ್ಟು ಚೆಂದವಾಗಿರುತ್ತದೆ ಎಂದು ಮನಸ್ಸಿನಲ್ಲೇ ಚಿತ್ರ ಬರೆದುಕೊಂಡು ಖುಷಿಪಟ್ಟೆ. ಆಡಿದ ಮಾತಂತೂ ನನಗೆ ಮರೆತೇಹೋಯಿತು. ನನಗೆ ಅದು ಗಾಳಿಯಲ್ಲಿ ಹೋದ ಮಾತು.

ಮರುವರ್ಷ ಮತ್ತೆ ಹೂವು, ಮತ್ತೆ ಚೀಲ, ಮತ್ತೆ ಕುಂಚ. ಯುದ್ಧ ಮುಗಿದು ತಂತಿ ಸಿಗುವಂತಾಗಿತ್ತು. ನಿಂತ ಕಾಯಿಗಳನ್ನು ಅವ್ವನ ಎದುರಿಗೇ ಗಟ್ಟಿಯಾಗಿ ಎಣಿಸುತ್ತಾ ಚೀಟಿ ಕಟ್ಟಿದೆ. ನಲವತ್ತೆಂಟು. ಅವ್ವ ಬೆರಳು ಮಡಿಸುತ್ತಾ ನನ್ನ ಜೊತೆಗೇ ಎಣಿಸಿದಳು. ನಮ್ಮ ನಡುವೆ ಮಾತು ಮೊದಲಿನಂತೆ ಆಗಿತ್ತು ಅಂದುಕೊಂಡಿದ್ದೆ. "ಇದಾದ್ರೂ ಕೊನೇದಾ?" ಎಂದು ಕೇಳಿದಳು. ಕೊನೆಯದೇ ಅಂದೆ.

ಆ ಮಳೆಗಾಲದಲ್ಲಿ ಊರಿಗೆ ಹೋದಾಗಲೆಲ್ಲ ಅವ್ವ ಇರುತ್ತಿದ್ದದ್ದು ಮರದ ಹತ್ತಿರವೇ. ಸುತ್ತಲೂ ಜಾಲಿ ಮುಳ್ಳಿನ ಬೇಲಿ ಹಾಕಿಸಿದ್ದಳು. ಕೈಯಲ್ಲೊಂದು ಕೋಲು, ಮಡಿಲಲ್ಲಿ ಕೋತಿಗೆ ಎಸೆಯಲು ಕಲ್ಲು. ಅವರೆಕಾಯಿ ಸುಲಿಯುವುದೂ ಅಲ್ಲೇ, ರಾಗಿ ಕೇರುವುದೂ ಅಲ್ಲೇ. ಒಂದು ಕೊಂಬೆ ಭಾರಕ್ಕೆ ಬಾಗಿದಾಗ ತಾನೇ ಕವೆಗೋಲು ಕಡಿದು ತಂದು ಆನಿಸಿದ್ದಳು. ಆ ಕೊಂಬೆಯ ಒಂದು ಹಣ್ಣು ಬಾವಿಯ ದಾರಿಗೆ ಅಡ್ಡವಾಗಿ, ಎದೆಯ ಮಟ್ಟಕ್ಕೆ ಜೋತಾಡುತ್ತಿತ್ತು. ನಾವೆಲ್ಲ ಅದನ್ನು ಕೈಯಿಂದ ಸರಿಸಿ ಹೋಗುತ್ತಿದ್ದೆವು. ಅವ್ವ ಮಾತ್ರ ತುಂಬಿದ ಬಿಂದಿಗೆಯನ್ನು ಸೊಂಟದಲ್ಲಿ ಹೊತ್ತು ಮರವನ್ನೇ ಸುತ್ತಿಕೊಂಡು ಬರುತ್ತಿದ್ದಳು. "ಯಾಕವ್ವ, ಅಷ್ಟು ದೂರ?" ಎಂದು ನಾನೇ ಒಂದು ದಿನ ಕೇಳಿದೆ. "ಇರ್ಲಿ ಬಿಡ್ಲಾ" ಅಂದಳು. ವಯಸ್ಸಾಯಿತು, ಅರಳುಮರಳು ಅಂದುಕೊಂಡು ಸುಮ್ಮನಾದೆ. ನಾಲ್ಕು ವರ್ಷ ಮರದ ಮುಂದೆ ಕೂತು ಹೂವಿನೊಳಗಿನ ಪುಡಿಯನ್ನು ಗಮನಿಸಿದ ಮಹಾನುಭಾವ ನಾನು!

ಗಣೇಶನ ಹಬ್ಬ ಕಳೆದ ಎರಡನೇ ವಾರ ಅಣ್ಣ ಬೆಂಗಳೂರಿನ ನನ್ನ ಕೊಠಡಿಯ ಬಾಗಿಲಲ್ಲಿ ನಿಂತಿದ್ದ. ಹೆಗಲ ಮೇಲಿನ ಟವಲನ್ನು ಬಾಯಿಗೆ ಒತ್ತಿಕೊಂಡಿದ್ದ. ಅವ್ವನಿಗೆ ಒಂಬತ್ತು ದಿನದ ಜ್ವರ. "ಪರೀಕ್ಷೆ ಹೊತ್ತು, ಅವನ್ಗೆ ಹೇಳಿ ಕಳಿಸ್ಬೇಡ್ರಿ ಅಂತ ತಡೆದ್ಲು ಕಣೋ" ಅಂದ. ನನಗೆ ಆಗ ಯಾವ ಪರೀಕ್ಷೆಯೂ ಇರಲಿಲ್ಲ. ಮಧ್ಯೆ ಬಸ್ಸು ಎರಡು ಕಡೆ ನಿಂತಿತು. ನಾವು ಊರು ಸೇರುವಷ್ಟರಲ್ಲಿ ಅವಳನ್ನು ಪಡಸಾಲೆಗೆ ತಂದು ಮಲಗಿಸಿದ್ದರು.

ಮೂರನೆಯ ದಿನ ಹಾಲುತುಪ್ಪ ಬಿಟ್ಟು, ಅವಳಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟರು. ಮುದ್ದೆ, ಹುಳಿಸೊಪ್ಪು, ಎಲೆ ಅಡಿಕೆ. ಚಕ್ಕೋತ ಅಂದರೆ ಅವ್ವನಿಗೆ ಪ್ರಾಣ. ಅದನ್ನು ಯಾರೂ ಇಡಲಿಲ್ಲ. ನಾನು ಗಮನಿಸಲೂ ಇಲ್ಲ.

ದಸರೆ ಕಳೆದ ಮೇಲೆ ಹಣ್ಣು ಕುಯ್ದೆ. ನಲವತ್ತೆಂಟಕ್ಕೆ ನಲವತ್ತೆಂಟೂ ಇದ್ದವು. ಅಳಿಲಿನ ಹಲ್ಲಿನ ಗುರುತು ಕೂಡ ಇರಲಿಲ್ಲ. ತೂಗಿದೆ, ಸೀಳಿದೆ, ಎಣಿಸಿದೆ, ಬರೆದೆ. ಅವ್ವ ಕಾದ ಹಣ್ಣು ಎಂದು ಅತ್ತದ್ದು ನಿಜ. ಆದರೆ ಎಂಥ ಕಾವಲು ಎಂದು ಗೊತ್ತಿರಲಿಲ್ಲ.

ಪ್ರಬಂಧ ಬರೆಯಲು, ಟೈಪು ಮಾಡಿಸಲು ಒಂದು ವರ್ಷ ಹಿಡಿಯಿತು. ಒಂದು ಪ್ರತಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗಿ, ಅಲ್ಲಿನ ಪರೀಕ್ಷಕರ ವರದಿ ತಿರುಗಿ ಬರುವಷ್ಟರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದು ಹಳತಾಗಿತ್ತು. ಕಡೆಗೆ ಮೌಖಿಕ ಪರೀಕ್ಷೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಹಿರಿಯರು, ನಿಧಾನವಾಗಿ ಮಾತಾಡುವವರು. ಎರಡು ಗಂಟೆ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಆಮೇಲೆ ಅವರು ಒಂದು ಪಟ್ಟಿಯ ಮೇಲೆ ಬೆರಳಿಟ್ಟರು.

"ಮೊದಲ ಎರಡು ಫಸಲಿನಲ್ಲಿ ಕಾಲುಪಾಲು ಹಣ್ಣು ನಷ್ಟ ಅಂತ ಬರೆದಿದ್ದೀರಿ. ಕೊನೆಯ ಫಸಲಿನಲ್ಲಿ ನಷ್ಟ ಸೊನ್ನೆ. ನಾನು ಮೂವತ್ತು ವರ್ಷದಿಂದ ತೋಟಗಳನ್ನು ನೋಡುತ್ತಿದ್ದೇನೆ. ಇದು ಆಗುವ ಮಾತಲ್ಲ. ಆ ವರ್ಷ ನಿಮ್ಮೂರಿನ ಅಳಿಲುಗಳು ಉಪವಾಸವಿದ್ದವೇ?"

ಲೆಕ್ಕವನ್ನು ಕೂತಲ್ಲೇ ಸೃಷ್ಟಿ ಮಾಡಿದ್ದೀಯ ಎನ್ನುವುದನ್ನು ಅವರು ಅಷ್ಟು ಮರ್ಯಾದೆಯಿಂದ ಕೇಳಿದ್ದರು. ಅಷ್ಟೂ ವರ್ಷದ ಓದು ಆ ಒಂದು ಸೊನ್ನೆಯಲ್ಲಿ ನಿಂತಿತ್ತು.

"ಕಾವಲಿತ್ತು, ಸರ್."

"ಯಾರ ಕಾವಲು?"

"ನಮ್ಮ ತಾಯಿಯದು."

"ಅವರಿಂದ ಒಂದು ಮಾತು ಬರೆಸಿ ತರಬಲ್ಲಿರಾ?"

"ಅವರಿಲ್ಲ ಸರ್. ಹಣ್ಣು ಕುಯ್ಯುವ ಮೊದಲೇ ಹೋದರು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನ್ನ ಪ್ರೊಫೆಸರರು ಕಿಟಕಿಯ ಕಡೆ ನೋಡುತ್ತಿದ್ದರು. ಪರೀಕ್ಷಕರು ಹಾಳೆ ಮಗುಚಿದರು, ಆ ವಿಷಯವನ್ನು ಮತ್ತೆ ಎತ್ತಲಿಲ್ಲ. ಸಂಜೆ ಪಾಸೆಂದು ಹೇಳಿದರು.

ಮಾರನೆಯ ದಿನ ಊರಿಗೆ ಹೋಗಿ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಅತ್ತಿಗೆಗೆ ಎಲ್ಲ ಹೇಳಿದೆ. ಅಳಿಲುಗಳ ಉಪವಾಸದ ಮಾತನ್ನು ನಗಿಸಲೆಂದೇ ಹೇಳಿದೆ. ಅತ್ತಿಗೆ ನಗಲಿಲ್ಲ. ಒಲೆಯ ಸೌದೆಯನ್ನು ಹಿಂದಕ್ಕೆ ಎಳೆದು, ಕೈ ಒರೆಸಿಕೊಂಡು ನನ್ನ ಎದುರಿಗೆ ಕೂತಳು.

"ನಿನ್ ಓದು ಮುಗಿಯೋಗಂಟ ಹೇಳ್ಬಾರ್ದು ಅಂತ ಅತ್ತೆ ನನ್ ಕೈಲಿ ಮಾತು ತಗಂಡಿದ್ರು. ಮುಗೀತಲ್ಲ, ಈಗ ಹೇಳ್ತೀನಿ. ಜ್ವರ ಬಂದ ಐದನೇ ದಿನದಿಂದ ಬಾಯೆಲ್ಲ ಕಹಿ, ಒಂದು ತೊಳೆ ಚಕ್ಕೋತ ಬೇಕು ಅಂತ ಕನವರಿಸ್ತಿದ್ರು. ಮಿಕ್ಕ ಮರದ್ದನ್ನೆಲ್ಲ ಹಣ್ಣು ಕೊಳ್ಳೋ ಪೇಟೆ ಸಾಹೇಬ್ರು ಗೌರಿಹಬ್ಬದ ಮುಂಚೇನೇ ಕುಯ್ಕೊಂಡ್ ಹೋಗಿದ್ರು. ನಿಮ್ಮಣ್ಣ ದೇವನಹಳ್ಳಿಗೆ ಓಡಿದ್ರು. ಅವರ ಮಂಡಿಯೆಲ್ಲ ಖಾಲಿ. ಆ ಸಾಹೇಬ್ರೂ ಪಾಪ, 'ಅಮ್ಮಾಜಿಗೆ ಅಂತ ಗೊತ್ತಿದ್ರೆ ಒಂದು ತೆಗೆದಿಡ್ತಿದ್ದೆ' ಅಂತ ಪೇಚಾಡ್ಕಂಡು ಒಂದೆರಡು ಮೂಸಂಬಿ ಕೊಟ್ಟು ಕಳಿಸಿದ್ರು. ಅರ್ಧ ತೊಳೆ ಚೀಪಿ, ಇದಲ್ಲ ಅಂತ ಪಕ್ಕಕ್ಕೆ ಇಟ್ರು."

"ಬಾವಿ ಹತ್ತಿರದ ಮರದಲ್ಲಿ ಇತ್ತಲ್ಲ ಅತ್ತಿಗೆ! ನಲವತ್ತೆಂಟಿತ್ತಲ್ಲ! ಒಂದು ಕುಯ್ಯಬಾರದಿತ್ತಾ?"

"ಕುಯ್ತೀನಿ ಅಂತ ಎದ್ದೆ ಕಣಪ್ಪ. ಎದ್ದು ಕೂರಾಕೆ ಆಗದೋರು ನನ್ ಕೈ ಹೆಂಗೆ ಹಿಡ್ಕಂಡ್ರು ಅಂತೀಯ! 'ಅವನು ಆಣೆ ಇಟ್ಟವ್ನೆ ಕಣೇ. ಬಿಡ್ತು ಅಂದಿಲ್ಲ. ನಾನು ಮುಟ್ಟಿ ಅವನಿಗೇನಾರ ಆದ್ರೆ?' ಅಂದ್ರು. ಹಂಗಾದ್ರೆ ಅವನನ್ನೇ ಕರೆಸಾನ, ಬಿಡ್ತು ಅಂತ ಅನ್ನಿಸಾನ ಅಂದೆ. 'ಎಣಿಸಿಟ್ಟು ಹೋಗವ್ನೆ. ಒಂದು ಕಮ್ಮಿ ಆದ್ರೆ ಇನ್ನೊಂದು ವರ್ಷ ಅಂತಾರೆ ಆ ದೊಡ್ಡೋರು. ಬ್ಯಾಡ' ಅಂದ್ರು. ಆಮೇಲೆ ಕೇಳ್ಲಿಲ್ಲ. ಕೊನೇ ದಿನ ಮಾತ್ರ, ಹಣ್ಣು ಹಂಗೇ ಅವಾ ಅಂತ ಕೇಳಿದ್ರು. ಅವೆ ಅತ್ತೆ ಅಂದೆ."

ಬಿಂದಿಗೆ ಹೊತ್ತು ಮರವನ್ನು ಸುತ್ತಿ ಬರುತ್ತಿದ್ದದ್ದು ಏಕೆಂದು ಆಗ ನನಗೆ ತಿಳಿಯಿತು. ಬೇಲಿ ಹಾಕಿ, ಕವೆಗೋಲು ಕೊಟ್ಟು, ಕೋತಿ ಅಟ್ಟಿ, ಇಡೀ ಮಳೆಗಾಲ ಕಾದರೂ ಅವಳ ಸೆರಗಿನ ತುದಿ ಕೂಡ ಆ ಹಣ್ಣಿಗೆ ತಾಕಿರಲಿಲ್ಲ. ನನ್ನ ಹೆಣ ಅಂತ ನಾನೇ ಹೇಳಿದ್ದೆನಲ್ಲ. ನಾನು ಹೊಸ್ತಿಲ ಮೇಲೆ ಕೂತಿದ್ದೆ, ಅತ್ತಿಗೆ ಏನೋ ಸಮಾಧಾನ ಹೇಳುತ್ತಿದ್ದಳು, ಒಲೆಯ ಮೇಲಿನ ಸಾರು ಉಕ್ಕಿ ಚೆಲ್ಲುತ್ತಿತ್ತು. ನನ್ನ ನಾಲಿಗೆಯನ್ನು ಕಿತ್ತು ಆ ಒಲೆಗೇ ಹಾಕಬೇಕು ಅನ್ನಿಸಿತು.

ಘಟಿಕೋತ್ಸವಕ್ಕೆ ಬಾಡಿಗೆಯ ನಿಲುವಂಗಿ ತೊಟ್ಟು ಹೋದೆ. ಅಣ್ಣ ಹೊಸ ಪಂಚೆ ಉಟ್ಟು ಬಂದಿದ್ದ. ನನ್ನ ಹೆಸರು ಕೂಗಿದರು, ಕಾಗದ ಕೊಟ್ಟರು, ಜನ ಚಪ್ಪಾಳೆ ತಟ್ಟಿದರು. ಅಣ್ಣ ಆ ಕಾಗದವನ್ನು ಕಣ್ಣಿಗೊತ್ತಿಕೊಂಡು, "ಓದು ಮುಗೀತೇನೋ?" ಎಂದು ಅವ್ವನ ಮಾತನ್ನೇ ಕೇಳಿದ. ಮುಗೀತಣ್ಣ ಅಂದೆ. ಇಬ್ಬರೂ ಬಸ್ಸಿನಲ್ಲಿ ಊರಿಗೆ ಬಂದೆವು.

ಆ ವರ್ಷದ ಪಿತೃಪಕ್ಷಕ್ಕೆ ರಜ ಹಾಕಿ ಹೋದೆ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಯಾರೂ ಅವ್ವನ ಎಡೆಗೆ ಚಕ್ಕೋತ ಇಟ್ಟಿರಲಿಲ್ಲ, ಅತ್ತಿಗೆ ಇಡಗೊಟ್ಟಿರಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ ಬಾವಿಯ ಹತ್ತಿರದ ಆ ಮರಕ್ಕೆ ಹೋಗಿ, ದಾರಿಗೆ ಅಡ್ಡ ಬಾಗಿದ್ದ ಆ ಕೊಂಬೆಯಿಂದಲೇ ಒಂದು ಹಣ್ಣು ಕುಯ್ದೆ. ಸಿಪ್ಪೆ ತೆಗೆದು, ಒಳಗಿನ ಬಿಳಿಯ ಪೊರೆಯನ್ನೂ ಬಿಡಿಸಿ, ಬೀಜ ಆರಿಸಿ ಬಾಳೆಲೆಯ ಮೇಲೆ ಜೋಡಿಸಿದೆ. ಕೈಗೆ ಅಭ್ಯಾಸವಾಗಿಬಿಟ್ಟಿತ್ತು, ಎಣಿಸಿಯೇ ಜೋಡಿಸಿದೆ. ಹದಿನಾಲ್ಕು ತೊಳೆ. ಅವ್ವನ ಸೀರೆಯನ್ನು ಮಣೆಯ ಮೇಲೆ ಮಡಿಸಿಟ್ಟಿದ್ದರು. ಅದರ ಮುಂದೆ ಉದ್ದಕ್ಕೆ ಅಡ್ಡಬಿದ್ದು, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದೆ.

"ಬಿಡ್ತು ಕಣವ್ವ. ಬಿಡ್ತು, ಬಿಡ್ತು. ತಿನ್ನು."

ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಂದಕ್ಕೆ ಎಳೆದುಕೊಂಡು ನಾವೆಲ್ಲ ಜಗಲಿಯ ಮೇಲೆ ಕೂತೆವು. ಸ್ವಲ್ಪ ಹೊತ್ತಿನ ಮೇಲೆ ಅಣ್ಣ ಮೂರು ಸಲ ಬಾಗಿಲು ತಟ್ಟಿ ತೆಗೆದ. ನಾನೇ ಮೊದಲು ಒಳಗೆ ಹೋಗಿ ಎಲೆಯ ಮುಂದೆ ಕೂತು ಎಣಿಸಿದೆ.

ಹದಿನಾಲ್ಕಕ್ಕೆ ಹದಿನಾಲ್ಕೂ ಇದ್ದವು.